ಮೂರನೇ ಸಲ ಕಿಡ್ನಿ ಕಲ್ಲು. ಇದು ಯಾವ ಕಲ್ಲು ಅಂತ ಇವತ್ತಿನವರೆಗೂ ಗೊತ್ತಿಲ್ಲ

ಬಿಸಿಲೂರು ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ರಾಯಚೂರು ಕಡೆಯ ಹಳ್ಳಿಯೊಂದರಲ್ಲಿ ಹೈಸ್ಕೂಲು ಮೇಷ್ಟ್ರು. ಕಿಡ್ನಿಯಲ್ಲಿ ಕಲ್ಲು ಬಂದಿರುವುದು ಇದು ಮೂರನೇ ಸಲ.

ಮೊದಲನೇದು 2013ರಲ್ಲಿ. ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದೆ. ಸೊಂಟದ ಎಡಗಡೆ ಹಿಡಿದುಕೊಂಡ ನೋವು ತೊಡೆಸಂದಿಗೆ ಇಳಿಯಿತು. ಕೂರಲೂ ಆಗದು, ಮಲಗಲೂ ಆಗದು. ಎರಡು ದಿನ ಒದ್ದಾಡಿದ ಮೇಲೆ ಕಲ್ಲು ತಾನೇ ಬಿತ್ತು. ಹಳದಿ ಮಿಶ್ರಿತ ಕಂದು ಬಣ್ಣ, ಹೆಸರುಕಾಳಿನಷ್ಟಿತ್ತು. ಅದನ್ನು ತೊಳೆದು ಒಂದು ಬೆಂಕಿಪೊಟ್ಟಣದಲ್ಲಿ ಹಾಕಿ ಬೀರುವಿನಲ್ಲಿ ಇಟ್ಟಿದ್ದೇನೆ. ಯಾಕೆ ಇಟ್ಟೆ ಅಂತ ನನಗೇ ಗೊತ್ತಿಲ್ಲ.

ಎರಡನೇದು 2018ರಲ್ಲಿ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಸ್ಕ್ಯಾನಿಂಗ್ ಮಾಡಿದಾಗ 8 ಮಿ.ಮೀ. ಕಲ್ಲು ಕಂಡಿತು. ಹೊರಗಿನಿಂದಲೇ ಶಾಕ್ ಕೊಟ್ಟು ಪುಡಿ ಮಾಡಿದರು. ಈಗ ಮತ್ತೆ ಎಡಗಡೆ 9 ಮಿ.ಮೀ., ಬಲಗಡೆ 4 ಮಿ.ಮೀ. ಲೇಸರ್ ಮಾಡಿಸಿ ಅಂದಿದ್ದಾರೆ. ಆರು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಬಿಪಿ ಮಾತ್ರೆಯೂ ನಡೆಯುತ್ತಿದೆ.

ನನ್ನ ಪ್ರಶ್ನೆ ಇಷ್ಟೇ. ಹನ್ನೆರಡು ವರ್ಷಗಳಲ್ಲಿ ಕಲ್ಲು ತೆಗೆಯುವ ವಿಧಾನ ಎಷ್ಟೋ ಮುಂದೆ ಹೋಗಿದೆ, ಅದು ಕಾಣುತ್ತದೆ. ಆದರೆ ಕಲ್ಲು ಯಾಕೆ ಆಗುತ್ತಿದೆ ಅಂತ ಯಾರೂ ಹೇಳಿಲ್ಲ. ಲೇಸರ್ ಮಾಡಿಸಿದರೆ ಮುಗಿಯಿತಾ? ಇಲ್ಲಾ ಐದು ವರ್ಷಕ್ಕೆ ಮತ್ತೆ ಇದೇ ಕಥೆನಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಹಾಸನದ ಗೌಡ್ರು

ಮೇಷ್ಟ್ರೇ, ಆಪರೇಷನ್‌ಗೆ ಹೋಗುವ ಮುಂಚೆ ಒಂದು ತಿಂಗಳು ಬಾಳೆದಿಂಡಿನ ರಸ ಕುಡಿದು ನೋಡಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ. ವಾರಕ್ಕೆ ಮೂರು ದಿನ ಹುರುಳಿ ಕಟ್ಟಿನ ಸಾರು. ನಮ್ಮ ತಂದೆಗೂ ಭಾವನಿಗೂ ಇದರಲ್ಲೇ ಹೋಯಿತು. ಕಣ್ಣಾರೆ ಕಂಡಿದ್ದೇನೆ.

ದೋಹಾದ ಕುಂದಾಪುರದವ

ನೋವಿನ ವಿಷಯ ನಾನು ಹೇಳಬಲ್ಲೆ. ಇಲ್ಲಿಯ ಬಿಸಿಲಲ್ಲಿ ಸೈಟಿನ ಕೆಲಸ. ಕಲ್ಲಿನ ನೋವು ಬಾರದವರೇ ಕಡಿಮೆ ಅನ್ನಬೇಕು. ಹೋದ ವರ್ಷ ನಡುರಾತ್ರಿ ನನಗೂ ಬಂತು. ಆಸ್ಪತ್ರೆಯಲ್ಲಿ ತೊಡೆಗೆ ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಟ್ಟರು. ಅರ್ಧ ಗಂಟೆಯಲ್ಲಿ ಉಸಿರು ಬಂದ ಹಾಗಾಯಿತು. ಇಷ್ಟು ನೋವಿಗೆ ಮಾರ್ಫಿನ್ ಯಾಕೆ ಕೊಡಲಿಲ್ಲ ಅಂತ ಆಮೇಲೆ ಕೇಳಿದೆ. ಇದೇ ದೋಹಾದಲ್ಲಿ 1,645 ಜನರ ಮೇಲೆ ಪ್ರಯೋಗ ಮಾಡಿದ್ದಾರಂತೆ, 2016ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಕಲ್ಲಿನ ನೋವಿಗೆ ಮಾರ್ಫಿನ್‌ಗಿಂತ ಡೈಕ್ಲೋಫೆನಾಕ್ ಚೆನ್ನಾಗಿ ಕೆಲಸ ಮಾಡಿತು, ತೊಂದರೆಯೂ ಕಡಿಮೆ ಅಂತ ಕಂಡಿತು.

ಇನ್ನೊಂದು ಮಾತು, ಊರಿನವರಿಗೆ. ಮನೆಮದ್ದು ಅಂತ ಸಿಕ್ಕಿದ್ದೆಲ್ಲ ರಸ ತೆಗೆದು ಕುಡಿಯಬೇಡಿ. ನಮ್ಮ ಕರಾವಳಿಯಲ್ಲಿ ಬಿಂಬುಳಿ ಇದೆಯಲ್ಲ, ಸಾರಿಗೆ ಉಪ್ಪಿನಕಾಯಿಗೆ ಹಾಕುತ್ತೇವಲ್ಲ, ಅದರ ರಸವನ್ನು ಕೊಲೆಸ್ಟರಾಲ್‌ಗೆ ಅಂತ ಕುಡಿದು ಕೇರಳದಲ್ಲಿ ಹತ್ತು ಜನರಿಗೆ ಕಿಡ್ನಿ ಕೆಟ್ಟಿತು. ಅದರಲ್ಲಿ ಏಳು ಜನಕ್ಕೆ ಡಯಾಲಿಸಿಸ್ ಮಾಡಬೇಕಾಯಿತು. 2013ರಲ್ಲಿ ಅಲ್ಲಿಯ ಡಾಕ್ಟರುಗಳೇ ಬರೆದಿದ್ದಾರೆ. ಬಿಂಬುಳಿಯಲ್ಲಿ ಆಕ್ಸಲೇಟ್ ವಿಪರೀತ. ಅದು ಕಿಡ್ನಿಯ ಒಳಗೇ ಹರಳುಗಟ್ಟಿ ಕೂರುತ್ತದೆ. ಸಾರಿಗೆ ನಾಲ್ಕು ಕಾಯಿ ಹಾಕುವುದು ಬೇರೆ, ಲೋಟಗಟ್ಟಲೆ ರಸ ಕುಡಿಯುವುದು ಬೇರೆ.

ರಾತ್ರಿ ಪಾಳಿ ಡಾಕ್ಟರ್

ನಾನು ಯೂರಾಲಜಿ ಓದುತ್ತಿದ್ದೇನೆ, ಕೊನೆಯ ವರ್ಷ. ಮೇಷ್ಟ್ರೇ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ಅದರಲ್ಲಿ ಮೂರು ಸುಳಿವು ಇವೆ. ಎಕ್ಸ್‌ರೇಯಲ್ಲಿ ಕಲ್ಲು ಕಾಣಲಿಲ್ಲ. ನಿಮಗೆ ಸಕ್ಕರೆ ಕಾಯಿಲೆ ಇದೆ. ಬಿದ್ದ ಕಲ್ಲಿನ ಬಣ್ಣ ಹಳದಿ ಕಂದು.

ಕಿಡ್ನಿ ಕಲ್ಲು ಅಂತ ನಾವು ಒಂದೇ ಹೆಸರಿನಲ್ಲಿ ಕರೆಯುತ್ತೇವೆ. ಒಳಗೆ ಅವು ಬೇರೆ ಬೇರೆ. ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್. ಅವು ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತವೆ. ಸೋಂಕಿನಿಂದ ಬೆಳೆಯುವ ಕಲ್ಲು ಇನ್ನೊಂದು ಬಗೆ. ಹುಟ್ಟಿನಿಂದಲೇ ಇರುವ ದೋಷದಿಂದ ಆಗುವ ಸಿಸ್ಟೀನ್ ಕಲ್ಲು ಅಪರೂಪ. ಇನ್ನೊಂದು ಯೂರಿಕ್ ಆಸಿಡ್ ಕಲ್ಲು. ಇದು ಸಾದಾ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಮೂತ್ರ ತುಂಬಾ ಹುಳಿಯಾಗಿದ್ದಾಗ, ಅಂದರೆ ಪಿಎಚ್ 5.5ಕ್ಕಿಂತ ಕೆಳಗೆ ಇದ್ದಾಗ ಆಗುತ್ತದೆ. ಸಕ್ಕರೆ ಕಾಯಿಲೆ ಇರುವವರ ಮೂತ್ರ ಹೀಗೆ ಹುಳಿಯಾಗುವುದು ಜಾಸ್ತಿ.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಈ ಒಂದು ಕಲ್ಲನ್ನು ಔಷಧಿಯಿಂದಲೇ ಕರಗಿಸಲು ಸಾಧ್ಯ. ಮೂತ್ರದ ಹುಳಿ ತಗ್ಗಿಸಿದರೆ ಸಾಕು, ನೀರಿನಲ್ಲಿ ಕಲ್ಲುಸಕ್ಕರೆ ಕರಗಿದ ಹಾಗೆ ನಿಧಾನಕ್ಕೆ ಕರಗುತ್ತದೆ. ಕ್ಯಾಲ್ಸಿಯಂ ಕಲ್ಲು ಹೀಗೆ ಕರಗುವುದಿಲ್ಲ.

ನಿಮ್ಮ ಕಲ್ಲು ಅದೇ ಅಂತ ನಾನು ಹೇಳುತ್ತಿಲ್ಲ. ಇಲ್ಲಿ ಕೂತು ಹೇಳಲೂ ಬಾರದು. ಆದರೆ ಲೇಸರ್‌ಗೆ ದಿನ ಗೊತ್ತು ಮಾಡುವ ಮುಂಚೆ ನಿಮ್ಮ ಡಾಕ್ಟರ ಹತ್ತಿರ ಮೂರು ವಿಷಯ ಕೇಳಿ. ಸಿಟಿ ಸ್ಕ್ಯಾನ್ ಆಗಿದ್ದರೆ ಕಲ್ಲು ಎಷ್ಟು ದಟ್ಟ ಅಂತ ತೋರಿಸುವ ಹೌನ್ಸ್‌ಫೀಲ್ಡ್ ಅಂಕಿ ಎಷ್ಟು? 500ರ ಒಳಗೆ ಇದ್ದರೆ ಯೂರಿಕ್ ಆಸಿಡ್ ಅನ್ನುವ ಅನುಮಾನ ಬಲವಾಗುತ್ತದೆ. ಈಗ ಎರಡು ಬಗೆಯ ಎಕ್ಸ್‌ರೇ ಶಕ್ತಿ ಬಳಸುವ ಡ್ಯುಯಲ್ ಎನರ್ಜಿ ಸಿಟಿ ಬಂದಿದೆ. ಅದು ಕಲ್ಲು ಯೂರಿಕ್ ಆಸಿಡ್ಡೋ ಅಲ್ಲವೋ ಅಂತ ದೇಹದ ಒಳಗಿರುವಾಗಲೇ ತೋರಿಸುತ್ತದೆ. ಎರಡನೇದು, ಮೂತ್ರದ ಪಿಎಚ್ ಎಷ್ಟು? ಮೂರನೇದು, ನಿಮ್ಮ ಬೆಂಕಿಪೊಟ್ಟಣ. ಅದನ್ನು ನಾಳೆಯೇ ತೆಗೆದುಕೊಂಡು ಹೋಗಿ. ಕಲ್ಲಿನ ಪರೀಕ್ಷೆಗೆ ಹನ್ನೆರಡು ವರ್ಷದ ಹಳೆಯ ಕಲ್ಲಾದರೂ ನಡೆಯುತ್ತದೆ. ಅದನ್ನು ಪುಡಿ ಮಾಡಿ ಇನ್ಫ್ರಾರೆಡ್ ಬೆಳಕು ಹಾಯಿಸಿ ನೋಡುತ್ತಾರೆ.

ಬಿಸಿಲೂರು ಮೇಷ್ಟ್ರು

ಡಾಕ್ಟರೇ, ಇದನ್ನು ಓದಿ ರಾತ್ರಿ ಹನ್ನೊಂದಕ್ಕೆ ಬೀರು ತೆಗೆದೆ. ಪೊಟ್ಟಣ ಇದೆ. ನಮ್ಮ ಮನೆಯವರು ಏನಾಯಿತು ಅಂತ ಎದ್ದು ಬಂದರು.

ಹಾಸನದ ಗೌಡ್ರು

ಡಾಕ್ಟರ್ ಸಾಹೇಬರೇ, ಬಾಳೆದಿಂಡಿನ ಬಗ್ಗೆ ನೀವು ಏನೂ ಹೇಳಲಿಲ್ಲ. ನಮ್ಮ ತಂದೆಯ ಕಲ್ಲು ಹೋಗಿದ್ದು ಸುಳ್ಳಾ?

ರಾತ್ರಿ ಪಾಳಿ ಡಾಕ್ಟರ್

ಖಂಡಿತ ಸುಳ್ಳಲ್ಲ ಗೌಡ್ರೇ. ಕಲ್ಲು ಹೋಗಿದ್ದು ನಿಜ. ಯಾತರಿಂದ ಹೋಯಿತು ಅನ್ನುವುದು ಪ್ರಶ್ನೆ. ಬ್ರಿಟನ್ನಿನಲ್ಲಿ ಸಸ್ಪೆಂಡ್ ಅನ್ನುವ ಪ್ರಯೋಗ ನಡೆಯಿತು. 2015ರಲ್ಲಿ ಫಲಿತಾಂಶ ಬಂತು. ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದ್ದ ಸಾವಿರಕ್ಕೂ ಹೆಚ್ಚು ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ನಾಳ ಸಡಿಲಿಸಲು ನಾವು ಬರೆಯುವ ಟ್ಯಾಮ್ಸುಲೋಸಿನ್ ಮಾತ್ರೆ, ಇನ್ನೊಂದಕ್ಕೆ ಅದೇ ಉದ್ದೇಶದ ನಿಫೆಡಿಪಿನ್, ಮೂರನೇದಕ್ಕೆ ಒಳಗೆ ಔಷಧಿಯೇ ಇಲ್ಲದ ಮಾತ್ರೆ. ನಾಲ್ಕು ವಾರದ ಮೇಲೆ ನೋಡಿದರೆ, ಔಷಧಿ ಇಲ್ಲದ ಮಾತ್ರೆ ತಿಂದವರಲ್ಲೂ 100ಕ್ಕೆ 80 ಜನಕ್ಕೆ ಬೇರೆ ಚಿಕಿತ್ಸೆ ಬೇಕಾಗಲಿಲ್ಲ. ಟ್ಯಾಮ್ಸುಲೋಸಿನ್ ತಿಂದವರಲ್ಲಿ 81.

ಅಂದರೆ ನಾಳಕ್ಕೆ ಇಳಿದ ಸಣ್ಣ ಕಲ್ಲು ಬಹುಪಾಲು ತಾನೇ ಹೋಗುತ್ತದೆ. ಆ ನಾಲ್ಕು ವಾರದಲ್ಲಿ ನಾವು ಏನು ಕುಡಿದಿರುತ್ತೇವೋ ಅದಕ್ಕೆ ಹೆಸರು ಬರುತ್ತದೆ. ನಮ್ಮ ಮಾತ್ರೆಗಳಿಗೂ ಎಷ್ಟೋ ವರ್ಷ ಹೀಗೇ ಹೆಸರು ಬಂದಿತ್ತು. ಬಾಳೆದಿಂಡನ್ನು ಪಲ್ಯ ಮಾಡಿ, ಮಜ್ಜಿಗೆಯಲ್ಲಿ ಹಾಕಿ ತಿನ್ನಿ, ಒಳ್ಳೆಯದೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಇದೆ. ಕಿಡ್ನಿ ಆಗಲೇ ಸೋತಿರುವವರು ದಿನಾ ರಸ ಕುಡಿಯುವುದು ಸರಿಯಲ್ಲ.

ಔಷಧಿ ಅಂಗಡಿಯವನು

ಹಾಗಾದರೆ ಟ್ಯಾಮ್ಸುಲೋಸಿನ್ ದಂಡ ಅಂತಲಾ? ದಿನಕ್ಕೆ ಹತ್ತು ಚೀಟಿ ಬರುತ್ತವೆ ಸರ್.

ರಾತ್ರಿ ಪಾಳಿ ಡಾಕ್ಟರ್

ದಂಡ ಅಲ್ಲ. ಚೀನಾದಲ್ಲಿ 3,296 ಜನರ ಮೇಲೆ ದೊಡ್ಡ ಪ್ರಯೋಗ ಆಯಿತು. ನಾಳದ ಕೆಳತುದಿಯಲ್ಲಿರುವ, 5 ಮಿ.ಮೀ.ಗಿಂತ ದೊಡ್ಡ ಕಲ್ಲಿಗೆ ಅದು ನೆರವಾಗುತ್ತದೆ ಅಂತ ಕಂಡಿತು. ಅದಕ್ಕಿಂತ ಚಿಕ್ಕದಕ್ಕೆ ಲಾಭ ಕಾಣಲಿಲ್ಲ. ಎಲ್ಲರಿಗೂ ಬರೆಯುವುದು ಬೇಡ, ಆರಿಸಿ ಬರೆಯಬೇಕು ಅನ್ನುವುದು ನನ್ನ ಅಭಿಪ್ರಾಯ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕಲ್ಲಿನ ನೋವಿನ ಜೊತೆ ಚಳಿಜ್ವರ ಬಂದರೆ ಕಾಯಬೇಡಿ. ಮನೆಮದ್ದು ಬೇಡ, ಬೆಳಗಾಗಲಿ ಅನ್ನುವುದೂ ಬೇಡ. ಕಲ್ಲು ಅಡ್ಡ ಕೂತು ಹಿಂದೆ ನಿಂತ ಮೂತ್ರಕ್ಕೆ ಸೋಂಕು ತಗಲಿದರೆ ಅದು ಗಂಟೆಗಳಲ್ಲಿ ರಕ್ತಕ್ಕೆ ಏರುತ್ತದೆ. ಆ ರಾತ್ರಿಯೇ ಮೂತ್ರಕ್ಕೆ ದಾರಿ ಮಾಡಿಕೊಡಬೇಕು. ನನ್ನ ಪಾಳಿಯಲ್ಲಿ ತಡವಾಗಿ ಬಂದವರನ್ನು ಕಳೆದುಕೊಂಡಿದ್ದೇನೆ.

ವಿಜಯಪುರದ ಹುಡುಗ

ಸರ್, ನನಗೆ 12 ಮಿ.ಮೀ. ಇದೆ. ಕ್ಯಾಲ್ಸಿಯಂ ಅಂತ ಗೊತ್ತಾಗಿದೆ, ಎಕ್ಸ್‌ರೇಯಲ್ಲಿ ಬೆಳ್ಳಗೆ ಕಂಡಿದೆ. ಒಂದು ಕಡೆ ಹೋಲ್ಮಿಯಂ ಲೇಸರ್, ಇನ್ನೊಂದು ಕಡೆ ತುಲಿಯಂ ಲೇಸರ್ ಅಂತಾರೆ. ತುಲಿಯಂಗೆ ದುಡ್ಡು ಜಾಸ್ತಿ. ಸಾಲ ಮಾಡಿಯಾದರೂ ಅದನ್ನೇ ಮಾಡಿಸಬೇಕಾ?

ರಾತ್ರಿ ಪಾಳಿ ಡಾಕ್ಟರ್

ಸಾಲ ಮಾಡುವ ಮಾತು ಬಂದಿದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಹಿಂದೆ ಕಲ್ಲು ತೆಗೆಯಬೇಕಾದರೆ ಪಕ್ಕೆ ಕೊಯ್ಯಬೇಕಿತ್ತು. 1976ರಲ್ಲಿ ಸ್ವೀಡನ್ನಿನಲ್ಲಿ ಬೆನ್ನಿನಿಂದ ಸಣ್ಣ ರಂಧ್ರ ಮಾಡಿ ತೆಗೆಯುವುದು ಶುರುವಾಯಿತು. 1980ರ ಫೆಬ್ರವರಿಯಲ್ಲಿ ಮ್ಯೂನಿಕ್‌ನಲ್ಲಿ ಕ್ರಿಸ್ಟಿಯನ್ ಶೌಸಿ ಮತ್ತು ಜೊತೆಗಾರರು ಮೊದಲ ಸಲ ಮನುಷ್ಯನ ಕಲ್ಲನ್ನು ಹೊರಗಿನ ಆಘಾತದ ಅಲೆಯಿಂದ ಒಡೆದರು. ಆ ಯಂತ್ರ ಮಾಡಿದ ಡಾರ್ನಿಯರ್ ವಿಮಾನ ತಯಾರಿಸುವ ಕಂಪನಿ. ವೇಗದ ವಿಮಾನಕ್ಕೆ ಮಳೆಹನಿ ಬಡಿದರೆ ಲೋಹಕ್ಕೆ ಏನಾಗುತ್ತದೆ ಅಂತ ಅಧ್ಯಯನ ಮಾಡುತ್ತಿದ್ದಾಗ ಈ ದಾರಿ ಹೊಳೆಯಿತು. ಮೇಷ್ಟ್ರು 2018ರಲ್ಲಿ ಮಾಡಿಸಿಕೊಂಡಿದ್ದು ಅದೇ ವಿಧಾನ.

ಆಮೇಲೆ ಬಂದಿದ್ದು ಮೂತ್ರದ ದಾರಿಯಿಂದಲೇ ಬಳುಕುವ ಸಣ್ಣ ದುರ್ಬೀನು ಕಳಿಸಿ ಲೇಸರ್‌ನಿಂದ ಒಡೆಯುವುದು. ಇದನ್ನೇ ಆರ್‌ಐಆರ್‌ಎಸ್ ಅನ್ನುತ್ತಾರೆ. 1990ರ ದಶಕದಿಂದ ಹೋಲ್ಮಿಯಂ ಲೇಸರ್ ಇದರ ದುಡಿಯುವ ಎತ್ತು. ಈಗ ಬಂದಿರುವ ತುಲಿಯಂ ಫೈಬರ್ ಲೇಸರ್‌ನ ಬೆಳಕನ್ನು ನೀರು ಇನ್ನೂ ಜಾಸ್ತಿ ಹೀರುತ್ತದೆ. ಅದರಿಂದ ಕಲ್ಲು ಚೂರಾಗುವ ಬದಲು ಹಿಟ್ಟಿನ ಹಾಗೆ ಪುಡಿಯಾಗುತ್ತದೆ. ಕಲ್ಲು ಅತ್ತಿತ್ತ ಹಾರುವುದೂ ಕಡಿಮೆ. ಅದರ ಎಳೆಯೂ ತೆಳು, ಹಾಗಾಗಿ ದುರ್ಬೀನು ಚೆನ್ನಾಗಿ ಬಗ್ಗುತ್ತದೆ.

ನಾರ್ವೆಯ ಬರ್ಗೆನ್‌ನಲ್ಲಿ 120 ಜನರ ಮೇಲೆ ಎರಡನ್ನೂ ಹೋಲಿಸಿದರು. 2022ರಲ್ಲಿ ಪ್ರಕಟವಾಯಿತು. ಮೂರು ತಿಂಗಳ ನಂತರ ಪೂರ್ತಿ ಕಲ್ಲು ಹೋಗಿದ್ದವರು ತುಲಿಯಂನಲ್ಲಿ 100ಕ್ಕೆ 92, ಹೋಲ್ಮಿಯಂನಲ್ಲಿ 67. ಇದನ್ನು ಓದಿ ನಮಗೆಲ್ಲ ಭಾರೀ ಉತ್ಸಾಹ ಬಂದಿತ್ತು. ಆದರೆ ಮೂತ್ರನಾಳದ ಕಲ್ಲಿನಲ್ಲಿ ಎರಡೂ ಸಮ. ವ್ಯತ್ಯಾಸ ಎಲ್ಲ ಕಿಡ್ನಿ ಒಳಗಿನ ಕಲ್ಲಿನಲ್ಲಿ. ಮರುವರ್ಷ ಅಮೆರಿಕದಲ್ಲಿ ಹೊಸ ಬಗೆಯ ಹೋಲ್ಮಿಯಂ ಜೊತೆ ಹೋಲಿಸಿದಾಗ ಅಂಥ ಅಂತರ ಕಾಣಲಿಲ್ಲ.

ಹಾಗಾಗಿ ತಮ್ಮಾ, ಲೇಸರ್‌ನ ಹೆಸರಿಗೆ ಸಾಲ ಮಾಡಬೇಡ. ನೀನು ಕೇಳಬೇಕಾದ್ದು ಬೇರೆ. ಆಪರೇಷನ್ ಮುಂಚೆ ಮೂತ್ರದ ಕಲ್ಚರ್ ಮಾಡಿ ಸೋಂಕು ಇಲ್ಲ ಅಂತ ನೋಡುತ್ತಾರಾ? ಈ ವಿಧಾನದಲ್ಲಿ ಒಳಗೆ ನೀರು ಬಿಡುತ್ತಲೇ ಇರಬೇಕು. ಒತ್ತಡ ಏರಿದರೆ ಸೋಂಕು ರಕ್ತಕ್ಕೆ ಹೋಗಬಹುದು. ಅದಕ್ಕೇ ಈಚೆಗೆ ತುದಿ ಬಳುಕುವ, ಪುಡಿಯನ್ನು ಹೀರಿ ಹೊರಗೆ ಎಳೆಯುವ ಕೊಳವೆ ಬಂದಿದೆ. ನನ್ನ ಕಣ್ಣಿಗೆ ಲೇಸರ್‌ಗಿಂತ ಇದೇ ದೊಡ್ಡ ಸುಧಾರಣೆ. ಮೊದಲು ಪುಡಿಯನ್ನು ಒಳಗೇ ಬಿಟ್ಟು ತಾನೇ ಹೋಗಲಿ ಅಂತ ಕಾಯುತ್ತಿದ್ದೆವು. ಈಗ ಅಲ್ಲೇ ಹೀರುತ್ತದೆ, ಒತ್ತಡವೂ ಇಳಿಯುತ್ತದೆ.

ಇನ್ನೊಂದು. ಅದೇ ಸಮಯದಲ್ಲಿ ಬೇರೆ ಸಣ್ಣ ಕಲ್ಲು ಸುಮ್ನೆ ಕೂತಿದ್ದರೆ ಅದನ್ನೂ ತೆಗೆಯುತ್ತಾರಾ ಅಂತ ಕೇಳು. ನೋವು ಕೊಡದ, 6 ಮಿ.ಮೀ. ಒಳಗಿನ ಕಲ್ಲನ್ನು ಮುಟ್ಟದೆ ಬಿಡುವುದು ರೂಢಿಯಾಗಿತ್ತು. 2022ರಲ್ಲಿ ಅಮೆರಿಕದಿಂದ ಒಂದು ಪ್ರಯೋಗ ಬಂತು. 73 ಜನ, ಚಿಕ್ಕದೇ. ಸಣ್ಣ ಕಲ್ಲನ್ನೂ ತೆಗೆದವರಲ್ಲಿ 100ಕ್ಕೆ 16 ಜನಕ್ಕೆ ಮತ್ತೆ ತೊಂದರೆ ಬಂತು, ಬಿಟ್ಟವರಲ್ಲಿ 63 ಜನಕ್ಕೆ. ಆಪರೇಷನ್‌ಗೆ ಹೆಚ್ಚಾಗಿದ್ದು ಸುಮಾರು 25 ನಿಮಿಷ.

ಸರ್ಕಾರಿ ಸೌಲಭ್ಯವನ್ನೂ ಒಮ್ಮೆ ವಿಚಾರಿಸು. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲೇ ನೆಫ್ರೋ ಯೂರಾಲಜಿ ಸಂಸ್ಥೆ ಇದೆ.

ಓಟಿ ಸಿಸ್ಟರ್

ಡಾಕ್ಟರ್ ಎಲ್ಲ ಹೇಳಿದರು. ನಾನು ಒಂದೇ ಒಂದು ಸೇರಿಸುತ್ತೇನೆ. ಸ್ಟೆಂಟ್.

ಲೇಸರ್ ಆದ ಮೇಲೆ ಬಹಳ ಜನಕ್ಕೆ ಕಿಡ್ನಿಯಿಂದ ಮೂತ್ರಕೋಶಕ್ಕೆ ಒಂದು ತೆಳು ಕೊಳವೆ ಇಡುತ್ತಾರೆ. ಡಿಜೆ ಸ್ಟೆಂಟ್ ಅಂತ. ಎರಡು ತುದಿಯೂ ಇಂಗ್ಲಿಷಿನ ಜೆ ಅಕ್ಷರದ ಹಾಗೆ ಬಾಗಿರುತ್ತದೆ. ಊದಿಕೊಂಡ ನಾಳ ಮುಚ್ಚಿಕೊಳ್ಳದಿರಲಿ ಅಂತ ಅದನ್ನು ಇಡುವುದು. ಕೆಲವು ವಾರದಲ್ಲಿ ತೆಗೆಯಲೇಬೇಕು.

ನಮ್ಮ ದೊಡ್ಡಪ್ಪನಿಗೆ ಇಟ್ಟಿದ್ದರು. ಯಾವ ಆಸ್ಪತ್ರೆ ಅನ್ನುವುದು ಬೇಡ. ಡಿಸ್ಚಾರ್ಜ್ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ದರಂತೆ. ಬಾಯಲ್ಲಿ ಹೇಳಿದವರು ಇಲ್ಲ. ದೊಡ್ಡಪ್ಪನಿಗೆ ಕನ್ನಡ ಮಾತ್ರ ಓದಲು ಬರುತ್ತಿತ್ತು. ನೋವು ಹೋಯಿತು, ಅಡಿಕೆ ಕೊಯ್ಲು ಬಂತು, ತೋಟಕ್ಕೆ ಹೋದರು. ಆಗಾಗ ಉರಿ ಮೂತ್ರ ಅನ್ನುತ್ತಿದ್ದರು. ಉಷ್ಣ ಅಂತ ಎಳನೀರು ಕುಡಿಯುತ್ತಿದ್ದರು. ಮೂರು ವರ್ಷದ ಮೇಲೆ ಸ್ಕ್ಯಾನ್ ಮಾಡಿದಾಗ ಆ ಕೊಳವೆಯ ಮೇಲೆಯೇ ಕಲ್ಲು ಕಟ್ಟಿತ್ತು. ಎರಡೂ ತುದಿಯಲ್ಲಿ ನಿಂಬೆಕಾಯಿಯಷ್ಟು. ಕೆಳಗಿನಿಂದ ಒಂದು ಆಪರೇಷನ್, ಬೆನ್ನಿನಿಂದ ಒಂದು. ಆ ಕಡೆಯ ಕಿಡ್ನಿ ಅಷ್ಟರಲ್ಲಿ ಸೋತಿತ್ತು.

ನಾನು ಆಗ ನರ್ಸಿಂಗ್ ಓದುತ್ತಿದ್ದೆ. ಮನೆಯಲ್ಲಿ ನಾನೇ ಇದ್ದೂ ಆ ಚೀಟಿ ಓದಿರಲಿಲ್ಲ. ಈಗ ನಮ್ಮ ಓಟಿಯಿಂದ ಯಾರೇ ಹೊರಗೆ ಹೋಗಲಿ, ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಡುತ್ತೇನೆ: ನಿಮ್ಮ ಒಳಗೆ ಕೊಳವೆ ಇದೆ, ಈ ತಾರೀಖಿಗೆ ತೆಗೆಸಬೇಕು. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಫೋಟೊ ತೆಗೆದು ನನಗೆ ಕಳಿಸಿ ಅನ್ನುತ್ತೇನೆ. ಈಚೆಗೆ ಕೆಲವರಿಗೆ ದಾರ ಕಟ್ಟಿದ ಸ್ಟೆಂಟ್ ಹಾಕುತ್ತಾರೆ, ಕೆಲವು ದಿನದಲ್ಲಿ ದಾರ ಎಳೆದರೆ ಬಂದುಬಿಡುತ್ತದೆ. ಎಲ್ಲರಿಗೂ ಅದು ಆಗುವುದಿಲ್ಲ. ವಿಜಯಪುರದ ತಮ್ಮ, ನಿನ್ನ ಚೀಟಿ ಓದದೆ ಆಸ್ಪತ್ರೆ ಬಾಗಿಲು ದಾಟಬೇಡ.

ವಿಜಯಪುರದ ಹುಡುಗ

ಆಯ್ತು ಅಕ್ಕ. ಖಂಡಿತ.

ಟಿಕೆಟ್ ಅಕ್ಕ

ನಾನು ಬಸ್ಸಿನಲ್ಲಿ ಕಂಡಕ್ಟರ್. ಎರಡು ಸಲ ಕಲ್ಲಾಗಿದೆ. ಡಾಕ್ಟರ ಹತ್ತಿರ ಹೋದಾಗಲೆಲ್ಲ ಒಂದೇ ಮಾತು, ದಿನಕ್ಕೆ ಮೂರು ಲೀಟರ್ ನೀರು ಕುಡಿಯಮ್ಮ. ಬೆಳಿಗ್ಗೆ ಐದಕ್ಕೆ ಡ್ಯೂಟಿ ಹತ್ತಿದರೆ ಹತ್ತೂವರೆಗೆ ಮೊದಲ ದೊಡ್ಡ ನಿಲ್ದಾಣ. ನಡುವೆ ಹೆಂಗಸರು ಹೋಗುವಂಥ ಜಾಗ ಒಂದೂ ಇಲ್ಲ. ಕುಡಿದರೆ ಎಲ್ಲಿ ಹೋಗಲಿ? ಅದಕ್ಕೇ ಬಾಯಿ ಒಣಗಿದರೆ ಒಂದು ಗುಟುಕು ತೇವ ಮಾಡಿಕೊಳ್ಳುತ್ತೇನೆ, ಅಷ್ಟೇ. ನೀರು ಬೇಡ, ನೀರಿನ ಬದಲಿಗೆ ಮಾತ್ರೆ ಇದೆಯಾ ಡಾಕ್ಟರೇ?

ರಾತ್ರಿ ಪಾಳಿ ಡಾಕ್ಟರ್

ಅಕ್ಕ, ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ಪ್ರಯೋಗವೊಂದು 2023ರಲ್ಲೇ ಬಂದಿದೆ. ಸ್ವಿಟ್ಜರ್‌ಲೆಂಡಿನದು, ನೋಸ್ಟೋನ್ ಅಂತ. ಕ್ಯಾಲ್ಸಿಯಂ ಕಲ್ಲು ಮತ್ತೆ ಮತ್ತೆ ಬರುವವರಿಗೆ ಹೈಡ್ರೋಕ್ಲೋರೋಥಯಾಜೈಡ್ ಅನ್ನುವ ಬಿಪಿ ಮಾತ್ರೆ ಕೊಡುವುದು ಹಳೆಯ ರೂಢಿ. 416 ಜನರ ಮೇಲೆ ಮೂರು ಪ್ರಮಾಣದಲ್ಲಿ ಕೊಟ್ಟು ಸುಮಾರು ಮೂರು ವರ್ಷ ನೋಡಿದರು. ಔಷಧಿ ಇಲ್ಲದ ಗುಂಪಿಗೂ ಇದ್ದ ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಪೊಟ್ಯಾಸಿಯಂ ಇಳಿಯುವುದು, ಗೌಟ್ ಅನ್ನುವ ಕೀಲುನೋವು, ಹೊಸದಾಗಿ ಸಕ್ಕರೆ ಕಾಯಿಲೆ ಮಾತ್ರೆಯವರಲ್ಲಿ ಜಾಸ್ತಿ ಆದವು.

ನೀರಿನ ಪುರಾವೆ 1996ರದ್ದು, ಇಟಲಿಯ ಬೋರ್ಗಿ ಅವರದ್ದು. ಮೊದಲ ಸಲ ಕಲ್ಲು ಬಂದ 199 ಜನರನ್ನು ಐದು ವರ್ಷ ನೋಡಿದರು. ನೀರು ಚೆನ್ನಾಗಿ ಕುಡಿದವರಲ್ಲಿ 100ಕ್ಕೆ 12 ಜನಕ್ಕೆ ಮತ್ತೆ ಬಂತು. ಉಳಿದವರಲ್ಲಿ 27. ಇದರ ಬದಲಿಗೆ ನಿಲ್ಲುವ ಮಾತ್ರೆ ನನಗೆ ಗೊತ್ತಿಲ್ಲ. ನಿಮ್ಮ ಕಲ್ಲು ಯಾವುದು ಅಂತ ತಿಳಿದರೆ ಸಿಟ್ರೇಟ್ ಅನ್ನುವ ಔಷಧಿ ಸಹಾಯ ಮಾಡಬಹುದು.

ನಿಮ್ಮ ಡ್ಯೂಟಿಗೆ ಹೊಂದುವ ಹಾಗೆ ಹೇಳುತ್ತೇನೆ. ಲೆಕ್ಕ ಇಡಬೇಕಾದ್ದು ಕುಡಿದ ನೀರಿನದಲ್ಲ, ಹೊರಗೆ ಹೋದದ್ದರದು. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಆಗಬೇಕು. ದೊಡ್ಡ ನಿಲ್ದಾಣಕ್ಕೆ ಅರ್ಧ ಗಂಟೆ ಇರುವಾಗ ಅರ್ಧ ಲೀಟರ್ ಕುಡಿಯಿರಿ. ಡ್ಯೂಟಿ ಇಳಿದ ತಕ್ಷಣ ಇನ್ನಷ್ಟು. ಮಲಗುವ ಮುಂಚೆ ಎರಡು ಲೋಟ. ರಾತ್ರಿ ಒಮ್ಮೆ ಎದ್ದರೆ ಮತ್ತೆ ಒಂದು ಲೋಟ. ರಾತ್ರಿಯೇ ಮೂತ್ರ ಗಟ್ಟಿಯಾಗುವುದು. ಉಪ್ಪು ಕಡಿಮೆ ಮಾಡಿ. ಉಪ್ಪು ಜಾಸ್ತಿಯಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಹೋಗುತ್ತದೆ. ಹಾಲು ಮೊಸರು ಬಿಡಬೇಡಿ. ಊಟದ ಜೊತೆಗಿನ ಕ್ಯಾಲ್ಸಿಯಂ ಆಕ್ಸಲೇಟನ್ನು ಹೊಟ್ಟೆಯಲ್ಲೇ ಹಿಡಿದು ಹೊರಗೆ ಒಯ್ಯುತ್ತದೆ. ಇದನ್ನೂ ಬೋರ್ಗಿಯವರೇ 2002ರಲ್ಲಿ ತೋರಿಸಿದರು. ಕ್ಯಾಲ್ಸಿಯಂ ಬಿಟ್ಟವರಿಗಿಂತ, ಕ್ಯಾಲ್ಸಿಯಂ ತಿಂದು ಉಪ್ಪು ಮಾಂಸ ಕಡಿಮೆ ಮಾಡಿದವರಲ್ಲಿ ಕಲ್ಲು ಅರ್ಧದಷ್ಟಾಯಿತು.

ಉಳಿದಿದ್ದು ಶೌಚಾಲಯದ ಪ್ರಶ್ನೆ. ಅದನ್ನು ನಾನು ಚೀಟಿಯಲ್ಲಿ ಬರೆದುಕೊಡಲು ಆಗುವುದಿಲ್ಲ ಅನ್ನುವುದೇ ನನಗೆ ಸಂಕಟ.

ಬಿಸಿಲೂರು ಮೇಷ್ಟ್ರು

ಅಕ್ಕನ ಮಾತು ಓದಿ ಸುಮ್ಮನೆ ಕೂತುಬಿಟ್ಟೆ. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಹೊಡೆಯುವುದು ಶುರುವಾದಾಗ ನಾನೂ ನಮ್ಮ ಶಾಲೆಯಲ್ಲಿ ಶುರು ಮಾಡಿಸಿದ್ದೆ. ಗಂಡುಮಕ್ಕಳು ಕುಡಿಯುತ್ತಾರೆ. ಹೆಣ್ಣುಮಕ್ಕಳು ಬಾಟಲಿ ತೆಗೆದು ತುಟಿಗೆ ಹಚ್ಚಿ ಇಡುತ್ತಾರೆ. ನಾಚಿಕೆ ಅಂದುಕೊಂಡಿದ್ದೆ. ನಮ್ಮ ಹುಡುಗಿಯರ ಶೌಚಾಲಯಕ್ಕೆ ನೀರು ಬರುವುದು ನಿಂತು ಎಷ್ಟು ದಿನವಾಯಿತು ಅಂತ ನಾನು ಹೋಗಿ ನೋಡಿದವನಲ್ಲ.

ದೋಹಾದ ಕುಂದಾಪುರದವ

ಬಿಸಿಲಿಗೂ ಕಲ್ಲಿಗೂ ಸಂಬಂಧ ಇರುವುದು ಬರೀ ನಮ್ಮ ಅನುಭವ ಅಲ್ಲ. ಅಮೆರಿಕದ ಐದು ಊರುಗಳ ಲೆಕ್ಕ ತೆಗೆದು 2014ರಲ್ಲಿ ಬರೆದಿದ್ದಾರೆ. ಸೆಖೆ ಏರಿದ ಕೆಲವೇ ದಿನದಲ್ಲಿ ಕಲ್ಲಿನವರು ಆಸ್ಪತ್ರೆಗೆ ಬರುವುದು ಹೆಚ್ಚುತ್ತದೆ.

ಪುಟ್ಟಿಯ ಅಮ್ಮ

ಇಷ್ಟು ದಿನ ಓದುತ್ತಿದ್ದೆ, ಬರೆಯಲೋ ಬೇಡವೋ ಅಂತ. ನಾನು ಸೋದರಮಾವನನ್ನೇ ಮದುವೆಯಾದವಳು. ನಮ್ಮ ಮಗಳಿಗೆ ಐದನೇ ವರ್ಷಕ್ಕೆ ಎರಡೂ ಕಿಡ್ನಿಯಲ್ಲಿ ಕಲ್ಲು. ಮಕ್ಕಳಿಗೂ ಬರುತ್ತೆ, ನೀರು ಕುಡಿಸಿ ಅಂದರು. ತೆಗೆದರು, ಎಂಟು ತಿಂಗಳಿಗೆ ಮತ್ತೆ ಬಂತು. ಮೂರನೇ ಡಾಕ್ಟರು ಮೂತ್ರದ ಆಕ್ಸಲೇಟ್ ನೋಡಿ, ಆಮೇಲೆ ರಕ್ತ ಕಳಿಸಿ ಜೀನ್ ಪರೀಕ್ಷೆ ಮಾಡಿಸಿದರು. ಪ್ರೈಮರಿ ಹೈಪರ್‌ಆಕ್ಸಲೂರಿಯಾ. ಕಲ್ಲು ಕಿಡ್ನಿಯಲ್ಲಿದ್ದರೂ ದೋಷ ಲಿವರ್‌ನಲ್ಲಿ, ಅದು ಆಕ್ಸಲೇಟ್ ಅತಿಯಾಗಿ ಮಾಡುತ್ತದೆ. ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ದೋಷದ ಪ್ರತಿ ಅಡಗಿದ್ದರೆ ಮಗುವಿಗೆ ಬರುತ್ತದೆ. ಸಂಬಂಧದಲ್ಲೇ ಮದುವೆಯಾದಾಗ ಹಾಗೆ ಆಗುವುದು ಜಾಸ್ತಿ.

ಅವಳಿಗೆ ಬಿ6 ವಿಟಮಿನ್ ಸ್ವಲ್ಪ ಹಿಡಿಸಿದೆ. ಎಲ್ಲರಿಗೂ ಹಿಡಿಸುವುದಿಲ್ಲವಂತೆ. 2020ರಲ್ಲಿ ಲುಮಾಸಿರಾನ್ ಅನ್ನುವ ಇಂಜೆಕ್ಷನ್‌ಗೆ ಯೂರೋಪು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಲಿವರ್ ಆಕ್ಸಲೇಟ್ ಮಾಡುವುದನ್ನೇ ತಗ್ಗಿಸುತ್ತದೆ. ಪ್ರಯೋಗದಲ್ಲಿ ಮೂತ್ರದ ಆಕ್ಸಲೇಟ್ ಶೇಕಡಾ 65ರಷ್ಟು ಇಳಿಯಿತು. ಮೊದಲು ಇಂಥ ಮಕ್ಕಳಿಗೆ ಕೊನೆಗೆ ಲಿವರ್ ಕಿಡ್ನಿ ಎರಡೂ ಬದಲಿಸುವುದೊಂದೇ ದಾರಿಯಾಗಿತ್ತು. ಬೆಲೆ ಮಾತ್ರ ನಮ್ಮಂಥವರು ಯೋಚಿಸುವಂಥದ್ದಲ್ಲ. ಆದರೂ ದಾರಿ ಇದೆ ಅಂತ ಗೊತ್ತಾಗಿದ್ದೇ ನನಗೆ ನಿದ್ದೆ ತಂದಿತು.

ನಾನು ಕೇಳಿಕೊಳ್ಳುವುದು ಇಷ್ಟೇ. ಮಗುವಿಗೆ ಕಲ್ಲು ಬಂದರೆ ಯಾವ ಕಲ್ಲು ಅಂತ ಮೊದಲನೇ ಸಲವೇ ಕೇಳಿ. ನಾವು ಒಂದೂವರೆ ವರ್ಷ ಕಳೆದುಕೊಂಡೆವು.

ರಾತ್ರಿ ಪಾಳಿ ಡಾಕ್ಟರ್

ಅಮ್ಮ, ನೀವು ಬರೆದಿದ್ದಕ್ಕೆ ತುಂಬಾ ಧನ್ಯವಾದ. ನಮ್ಮ ವಿಭಾಗದ ಕಿರಿಯರಿಗೆ ಇದನ್ನು ಓದಿಸುತ್ತೇನೆ.

ಬಿಸಿಲೂರು ಮೇಷ್ಟ್ರು
*ಹತ್ತು ದಿನದ ನಂತರ*

ಬೆಂಕಿಪೊಟ್ಟಣದ ವರದಿ ಬಂತು. ಬಹುಪಾಲು ಯೂರಿಕ್ ಆಸಿಡ್. ಸಿಟಿಯ ಅಂಕಿ ಎಡಕ್ಕೆ 410, ಬಲಕ್ಕೆ 380. ಮೂತ್ರದ ಪಿಎಚ್ 5. ನಮ್ಮ ಡಾಕ್ಟರು ವರದಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಕಿಡ್ನಿ ಊದಿಲ್ಲ, ಸೋಂಕು ಇಲ್ಲ, ಮೂರು ತಿಂಗಳು ಔಷಧಿ ಕೊಟ್ಟು ನೋಡೋಣ ಅಂದರು. ಮೂತ್ರದ ಹುಳಿ ತಗ್ಗಿಸುವ ಪೊಟ್ಯಾಸಿಯಂ ಸಿಟ್ರೇಟ್ ಸಿರಪ್ ಶುರುವಾಗಿದೆ. ಬೋಟಿ, ಲಿವರ್ ಪೂರ್ತಿ ಬಂದ್. ಬಣ್ಣದ ಕಾಗದದ ಪಟ್ಟಿಯಲ್ಲಿ ದಿನಾ ಮೂತ್ರದ ಪಿಎಚ್ ನೋಡಿ ಬರೆದಿಡುತ್ತಿದ್ದೇನೆ. ವಿಜ್ಞಾನದ ಪಾಠದಲ್ಲಿ ಲಿಟ್ಮಸ್ ಹೇಳಿಕೊಟ್ಟವನಿಗೆ ಇದು ಕಷ್ಟ ಅಲ್ವಲ್ಲ.

ರಾತ್ರಿ ಪಾಳಿ ಡಾಕ್ಟರ್

ಬಹಳ ಸಂತೋಷ. ಒಂದು ಎಚ್ಚರ. ಬಿಪಿ ಮಾತ್ರೆಯ ಹೆಸರು ನಿಮ್ಮ ಡಾಕ್ಟರಿಗೆ ಹೇಳಿ. ಟೆಲ್ಮಿಸಾರ್ಟನ್ ಥರದ್ದಾದರೆ ಅದೂ ಪೊಟ್ಯಾಸಿಯಂ ಏರಿಸುತ್ತದೆ, ಸಿರಪ್ಪೂ ಏರಿಸುತ್ತದೆ. ನಡುವೆ ರಕ್ತ ಪರೀಕ್ಷೆ ಬೇಕು. ಪಿಎಚ್ ಜಾಸ್ತಿ ಆದರೆ ಒಳ್ಳೆಯದು ಅಂತ ಸಿರಪ್ ಹೆಚ್ಚಿಸಬೇಡಿ. ಅತಿಯಾದರೆ ಕ್ಯಾಲ್ಸಿಯಂ ಫಾಸ್ಫೇಟ್ ಕೂರುತ್ತದೆ.

ಬಿಸಿಲೂರು ಮೇಷ್ಟ್ರು
*ಮೂರು ತಿಂಗಳ ನಂತರ*

ಟೆಲ್ಮಿಸಾರ್ಟನ್ನೇ ಆಗಿತ್ತು. ರಕ್ತ ಎರಡು ಸಲ ನೋಡಿದರು, ಪೊಟ್ಯಾಸಿಯಂ ಸರಿ ಇದೆ. ನಿನ್ನೆ ಸ್ಕ್ಯಾನಿಂಗ್ ಆಯಿತು. ಬಲಗಡೆ ಕಲ್ಲು ಇಲ್ಲ. ಎಡಗಡೆ 9 ಇದ್ದಿದ್ದು 4 ಆಗಿದೆ. ಇನ್ನೂ ಎರಡು ತಿಂಗಳು ಔಷಧಿ ಮುಂದುವರಿಸಲು ಹೇಳಿದ್ದಾರೆ.

ಟಿಕೆಟ್ ಅಕ್ಕ, ನೀವು ಇನ್ನೂ ಇಲ್ಲಿ ಓದುತ್ತಿದ್ದರೆ: ಶಾಲೆಯ ಹುಡುಗಿಯರ ಶೌಚಾಲಯಕ್ಕೆ ಪೈಪು ಹಾಕಿಸಿದೆವು. ಊರಿನವರೇ ಸೇರಿ ದುಡ್ಡು ಹಾಕಿದರು. ಒಳಗಡೆ ಚಿಲಕವೂ ಹೊಸದು. ನೀರಿನ ಗಂಟೆ ಹೊಡೆದಾಗ ಹಿಂದಿನ ಬೆಂಚಿನವರ ಬಾಟಲಿಗಳು ಈಗ ಅರ್ಧಕ್ಕೆ ಇಳಿಯುತ್ತಿವೆ.

ಟಿಕೆಟ್ ಅಕ್ಕ

ಓದುತ್ತಿದ್ದೇನೆ ಮೇಷ್ಟ್ರೇ. ನನ್ನ ಎರಡನೇ ಕಲ್ಲು ಸೋಸಿ ಹಿಡಿದು ಪರೀಕ್ಷೆಗೆ ಕೊಟ್ಟಿದ್ದೇನೆ. ವರದಿ ಗುರುವಾರ.